ಮಾತಾಡಬಾರದ ಶೆಡ್ಡು

ಕೋಟಿನ ಗುಂಡಿಯನ್ನು ಮತ್ತೆ ಕುಕ್ಕಿತು, ಕಾಲಿಗೆ ಹಳದಿ ಉಂಗುರದ ಕೋಳಿ, ಇದಕ್ಕೆ ಬಿಳಿ ಗುಂಡಿ ಕಂಡರೆ ಜೋಳದ ಕಾಳು ಅನಿಸುತ್ತದೋ ಏನೋ, ದಿನಾ ಕುಕ್ಕಿ ದಿನಾ ಮೋಸ ಹೋದರೂ ಬುದ್ಧಿ ಬಂದಿಲ್ಲ, ಥೂ ಪೆದ್ದಿ — ಗಂಗೋತ್ರಿ ಬಾಯಿ ತೆರೆದವಳು ಪಕ್ಕನೆ ಮುಚ್ಚಿಕೊಂಡಳು, ಇವತ್ತು ಬೇಡ, ಇವತ್ತೊಂದು ದಿನವಾದರೂ ಬಾಯಿಗೆ ಬೀಗ, ಗಡಿಯಾರದಲ್ಲಿ ಎಂಟೂ ನಲವತ್ತು, ಗುರುತು ಹಾಕುವ ಹೊತ್ತು, ಹೊಟ್ಟು ಕೆದರುತ್ತಿರುವವು ಎಷ್ಟು, ಅಡ್ಡಗೋಲಿನ ಮೇಲೆ ಕೂತವು ಎಷ್ಟು, ಧೂಳಿನಲ್ಲಿ ಹೊರಳುತ್ತಿರುವವು ಎಷ್ಟು, ಇನ್ನೊಬ್ಬಳ ಬಾಲದ ಪುಕ್ಕ ಕೀಳುತ್ತಿರುವ ಕೇಡಿಗಳು ಎಷ್ಟು, ಹತ್ತು ನಿಮಿಷಕ್ಕೊಮ್ಮೆ ಎಣಿಸು, ಬರೆ, ಮತ್ತೆ ಎಣಿಸು, ನಾಲ್ಕು ತಿಂಗಳಿಂದ ಇದೇ ಉದ್ಯೋಗ, ಕೋಳಿ ನೋಡಾಕೂ ಸಂಬಳ ಕೊಡ್ತಾರೇನೇ ಅಂತ ತವರೂರು ಸೊಕ್ಕೆಯಲ್ಲಿ ಅವ್ವ ಗಾದ್ರಮ್ಮ ಗಲ್ಲದ ಮೇಲೆ ಬೆರಳಿಟ್ಟಿದ್ದಳು, ಕೊಡ್ತಾರವ್ವ, ಮೊಟ್ಟೆಕೋಳಿಗೆ ಪಂಜರದಲ್ಲಿ ಸುಖವೋ ನೆಲದ ಮೇಲೆ ಸುಖವೋ ಅಂತ ಯೂನಿವರ್ಸಿಟಿಯವರಿಗೆ ಗೊತ್ತಾಗಬೇಕಂತೆ, ಅಲ್ಲಿ ನ್ಯಾಮತಿ ಕಡೆ ಗೋವಿನಕೋವಿಯ ಶೆಡ್ಡಿನಲ್ಲಿ ಪಂಜರದ ಮುನ್ನೂರು, ಅದಕ್ಕೆ ಕೆಂಚೇಶ, ಇಲ್ಲಿ ಸಂತೇಬೆನ್ನೂರಿನ ಕೊಟ್ರೇಶಪ್ಪನ ಶೆಡ್ಡಿನಲ್ಲಿ ನೆಲದ ಮುನ್ನೂರು, ಇದಕ್ಕೆ ಗಂಗೋತ್ರಿ, ಇಬ್ಬರಿಗೂ ಒಂದೇ ನೀಲಿ ಕೋಟು, ಒಂದೇ ಹಾಳೆ, ಬಾಗಿಲಿಗೆ ಅಂಟಿಸಿದ ಒಂದೇ ಕಟ್ಟಳೆ — ಕೋಳಿಯನ್ನು ಮುಟ್ಟಬಾರದು, ಕೈಯಿಂದ ಕಾಳು ಹಾಕಬಾರದು, ಒಳಗೆ ಮಾತಾಡಬಾರದು, ಕೆಳಗೆ ಅವಳದೇ ಸಹಿ, ದುಂಡಗೆ, ಚೆಂದಾಗಿ. ಹನ್ನೊಂದಕ್ಕೆ ಯೂನಿವರ್ಸಿಟಿಯ ಪ್ರೇಮಲತಾ ಮೇಡಂ ಜೀಪು ಬರುತ್ತದೆ. ಅಷ್ಟರೊಳಗೆ ಹೇಳುವುದೋ ಬಿಡುವುದೋ ತೀರ್ಮಾನ ಆಗಬೇಕು.

ನಿನ್ನೆ ಸಂಜೆ ಫೋನಿನಲ್ಲಿ ಮೇಡಂ ಎಷ್ಟು ಖುಷಿಯಾಗಿದ್ದರು, ಗಂಗೋತ್ರೀ, ಹೆದರಿಕೆ ಪರೀಕ್ಷೆ ಹಾಳೆ ನೋಡಿದೆ ಕಣ್ರೀ, ಕೆಂಚೇಶ ಕೈ ಚಾಚಿದ ತಕ್ಷಣ ಅವನ ಕೋಳಿ ನೂರಕ್ಕೆ ಎಂಬತ್ತು ಹಿಂದೆ ಸರಿದಾವೆ, ನಿಮ್ಮ ಕಡೆ ನೂರಕ್ಕೆ ಹತ್ತೂ ಇಲ್ಲ, ನೆಲದ ಕೋಳಿಗೆ ಮನುಷ್ಯರ ಭಯಾನೇ ಇಲ್ಲ ಅಂದಂಗಾಯ್ತು, ಇಂಥ ಚಲೋ ರಿಸಲ್ಟು ನಾನೆಲ್ಲೂ ಓದಿಲ್ಲ, ನಾಳೆ ಬಂದು ಹಾಳೆ ಎಲ್ಲಾ ಒಯ್ತೀನಿ, ಬರೆಯಾಕೆ ಕೂರ್ತೀನಿ — ಹೂಂ ಮೇಡಂ, ಹೂಂ ಮೇಡಂ ಅಂದು ಫೋನಿಟ್ಟಳು, ಹೇಳಬೇಕಾಗಿದ್ದದ್ದು ಬೇರೆ, ಅಯ್ಯೋ ಮೇಡಂ, ಇದು ನೆಲದ ಮಹಿಮೆ ಅಲ್ಲ, ನನ್ನ ಬಾಯಿಯ ಮಹಿಮೆ, ನಾಲ್ಕು ತಿಂಗಳು ಒಂದು ದಿನ ಬಿಡದೆ ಇವುಗಳ ಜೊತೆ ಮಾತಾಡಿದ್ದೇನೆ, ಕೆಂಚೇಶ ಪುಣ್ಯಾತ್ಮ ಕಿವಿಗೆ ವೈರು ಸಿಗಿಸಿಕೊಂಡು ತುಟಿ ಎರಡು ಮಾಡದೆ ಎಣಿಸುತ್ತಾನೆ, ನಾನು ಅಲ್ಲಿದ್ದಿದ್ದರೆ ಆ ಪಂಜರದವೂ ಕಂಬಿಯಿಂದ ಕತ್ತು ಹೊರಗೆ ಹಾಕಿ ನನ್ನ ಕೈ ಕುಕ್ಕುತ್ತಿದ್ದವೋ ಏನೋ, ಯಾರು ಕಂಡರು, ಕಾಣುವ ದಾರಿಯನ್ನು ನಾನೇ ಮುಚ್ಚಿ ಕೂತಿದ್ದೇನೆ. ಹೇಳದಿದ್ದರೆ ಮೇಡಂ ತಮಗೆ ಗೊತ್ತಿಲ್ಲದೆ ಸುಳ್ಳು ಬರೆದು ಅಚ್ಚು ಹಾಕಿಸುತ್ತಾರೆ, ಅದನ್ನು ನಂಬಿ ಇನ್ಯಾರೋ ಎಲ್ಲೋ ಶೆಡ್ಡು ಕಟ್ಟುತ್ತಾರೆ, ಹೇಳಿದರೆ ನಾಲ್ಕು ತಿಂಗಳ ಹಾಳೆಯೆಲ್ಲ ತಿಪ್ಪೆಗೆ, ಅದರ ಹಿಂದೆಯೇ ಗಂಗೋತ್ರಿಯ ಕೆಲಸವೂ ತಿಪ್ಪೆಗೆ, ಆಮೇಲೆ ಎಲ್ಲಿಗೆ ಹೋಗುವುದು, ಹೊನ್ನಾಳಿಗೆ, ಗಂಡ ಗುರುಸ್ವಾಮಿಯ ಮನೆಗೆ, ಮತ್ತೆ ಆ ಮನೆಗೆ. ಎಂಟೂ ಐವತ್ತು, ಕೆದರುವವು ಎಂಬತ್ತೆರಡು, ಅಡ್ಡಗೋಲು ನಲವತ್ತು, ಉಳಿದದ್ದು ಎಣಿಸುವಷ್ಟರಲ್ಲಿ ಕಣ್ಣು ಮಂಜಾಯಿತು, ಹೊಟ್ಟಿನ ಧೂಳು ಇರಬೇಕು.

ಬೇಕಾದರೆ ಅವ್ವನ ಮೇಲೆ ಹೊರಿಸಬಹುದು, ಅವಳೇ ಅಲ್ಲವೇ ಕಲಿಸಿದ್ದು, ಸದ್ದಿಲ್ಲದಂಗೆ ಕೋಳಿ ಹತ್ರ ಹೋಗಾದು ಎರಡೇ ಜಾತಿ ಕಣೇ, ಒಂದು ಕಾಡುಬೆಕ್ಕು, ಇನ್ನೊಂದು ಕಳ್ಳಿ, ಸಂಸಾರಸ್ಥೆ ಆದೋಳು ದೂರದಿಂದ್ಲೇ ಬಾಯಿ ಮಾಡ್ಕೆಂಡು ಹೋಗ್ಬೇಕು, ಅದೂ ಒಂದು ಜೀವ, ಬರಾದು ಯಾರು ಅಂತ ಅದಕ್ಕೂ ಗೊತ್ತಾಗ್ಬೇಕು — ಸೊಕ್ಕೆಯಲ್ಲಿ ಹೆಂಗಸರು ಕೋಳಿ ಮುಚ್ಚಿದ ಬುಟ್ಟಿ ಎತ್ತುವ ಮೊದಲು ಬಂದೆ ಕಣ್ರವ್ವಾ, ಬಂದೆ ಅನ್ನುತ್ತಾರೆ, ಮೊಟ್ಟೆ ತೆಗೆಯುವಾಗ ತಗಳ್ಳಲೇನವ್ವಾ ಅಂತ ಕೇಳುತ್ತಾರೆ, ಕೇಳದೆ ತೆಗೆದರೆ ನಾಳೆ ಜಾಗ ಬದಲಾಯಿಸುತ್ತದಂತೆ, ಅದು ಮಾತು ಅಂತ ಯಾರಿಗೆ ಹೊಳೆದೀತು, ಬಾಗಿಲು ತಟ್ಟಿದ ಹಾಗೆ ಅಷ್ಟೆ, ಕಟ್ಟಳೆಯ ಕೆಳಗೆ ಸಹಿ ಹಾಕುವಾಗ ಗಂಗೋತ್ರಿಗೂ ಹೊಳೆಯಲಿಲ್ಲ, ಮಾತು ಅಂದರೆ ಫೋನಿನಲ್ಲಿ ಹರಟೆ, ಕೆಲಸದವರ ಜೊತೆ ಕೂಗಾಟ, ಅಂಥದ್ದು ಅಂದುಕೊಂಡಳು, ಮೊದಲ ದಿನವೇ ಬಾಗಿಲು ಸರಿಸಿ ಬಂದೆ ಕಣ್ರವ್ವಾ ಅಂದಳು, ಮುನ್ನೂರೂ ಗರ್‍ ಅಂತ ಹಾರಿ ಗೋಡೆಗೆ ಅಪ್ಪಳಿಸಿದವು, ಎರಡನೇ ದಿನ ಅಷ್ಟಿಲ್ಲ, ಹತ್ತನೇ ದಿನಕ್ಕೆ ಒಂದೂ ಹಾರಲಿಲ್ಲ, ಹಳದಿ ಉಂಗುರದ್ದು ಎದುರಿಗೆ ಬಂದು ಕ್ರ್‍ರ್‍ ಅಂತ ಏನೋ ಅಂದಿತು, ಅಷ್ಟೇ ಸಾಕಾಯಿತು. ಅಲ್ಲಿಯವರೆಗಿನದು ಅವ್ವನ ತಪ್ಪು, ಒಪ್ಪೋಣ. ಆಮೇಲಿನದು ಯಾರದು, ಬಾಡಿಗೆ ಕೋಣೆಯ ಹಂಚು ಸೋರಿದ್ದನ್ನು ಇವಕ್ಕೆ ಹೇಳು ಅಂದವರು ಯಾರು, ಭಾನುವಾರ ಸಂತೆಯಲ್ಲಿ ಬದನೆಕಾಯಿ ಮಾರುವವಳು ಒಬ್ಬಳಿಗೇ ಎಷ್ಟವ್ವಾ ತಗಂತೀಯ ಅಂತ ಕೇಳಿದ್ದು, ಅದಕ್ಕೆ ಮನೇಲಿ ನಾಕು ಮಂದಿ ಇದೀವಿ ಅಂತ ಸುಳ್ಳು ಹೇಳಿ ಎರಡು ಕೇಜಿ ತಂದು ವಾರವಿಡೀ ಬದನೆಕಾಯಿಯನ್ನೇ ತಿಂದದ್ದು, ಅದನ್ನೆಲ್ಲ ಇವುಗಳ ಮುಂದೆ ಕೂತು ಆಡಿಕೊಂಡು ನಕ್ಕಿದ್ದು ಯಾರು. ಒಬ್ಬಳೇ ನಕ್ಕರೆ ಹುಚ್ಚು ಅನ್ನುತ್ತಾರೆ, ಕೋಳಿಗಳ ಮುಂದೆ ನಕ್ಕರೆ ಹಾಗನಿಸುವುದಿಲ್ಲ.

ಹೊಡೆದನಾ, ಇಲ್ಲ, ಕುಡಿತಾನಾ, ಇಲ್ಲ, ಇನ್ನೊಬ್ಬಳನ್ನ ಇಟ್ಕೊಂಡಾನಾ, ಇಲ್ಲ, ಮತ್ತೇನು ದಾಡಿ ನಿನಗೆ ಅಂದರು ನ್ಯಾಯಕ್ಕೆ ಕೂತ ಹಿರಿಯರು — ಅವರ ಮುಂದೆ ಗಂಗೋತ್ರಿ ಹೇಳಿದ್ದು ಒಂದೇ, ನನ್ನ ಹತ್ರ ಮಾತಾಡಲ್ಲ, ಅಷ್ಟಕ್ಕೆ ಒಬ್ಬ ಮುದುಕಪ್ಪ ಮಾತು ಬೆಳ್ಳಿ ಮೌನ ಬಂಗಾರ ಕಣವ್ವಾ ಅಂದ, ಹಂಗಾದ್ರೆ ಒಂಬತ್ತು ವರ್ಷದಿಂದ ಬಂಗಾರದ ಗಣೀಲಿ ಬಿದ್ದಿದೀನಿ ತಾತ, ನನಗೆ ನಾಕಾಣೆ ಬೆಳ್ಳಿ ಸಾಕು ಅಂದಳು, ಎಲ್ಲರೂ ನಕ್ಕರು, ನಕ್ಕು ಎದ್ದು ಹೋದರು. ಗುರುಸ್ವಾಮಿ ಕೆಟ್ಟವನಲ್ಲ, ಹೊನ್ನಾಳಿ ಬಸ್‌ಸ್ಟ್ಯಾಂಡ್ ಹತ್ತಿರ ಮೋಟಾರು ರಿಪೇರಿ ಅಂಗಡಿ, ಅಲ್ಲಿ ಅವನ ಬಾಯಿಗೆ ಬ್ರೇಕಿಲ್ಲ, ಒಂದು ಮಧ್ಯಾಹ್ನ ಬುತ್ತಿ ಒಯ್ದಾಗ ರಸ್ತೆಯ ಈಚೆಯಿಂದಲೇ ಅವನ ನಗು ಕೇಳಿಸಿತು, ಯಾರದೋ ಪಂಪು ಸುಟ್ಟ ಕಥೆ ಕೈಬಾಯಿ ತಿರುಗಿಸಿ ಹೇಳುತ್ತಿದ್ದ, ಸುತ್ತ ನಾಲ್ಕೈದು ಜನ ಹೊಟ್ಟೆ ಹಿಡಿದುಕೊಂಡಿದ್ದರು, ಅವಳು ಕಬ್ಬಿನ ಹಾಲಿನ ಗಾಡಿಯ ಮರೆಯಲ್ಲಿ ನಿಂತು ಪೂರ್ತಿ ಕೇಳಿದಳು, ಎಷ್ಟು ಚೆಂದ ಹೇಳುತ್ತಾನಪ್ಪ ಅನಿಸಿತು, ತನ್ನ ಗಂಡನ ಮಾತನ್ನು ಕದ್ದು ಕೇಳುತ್ತ ಅವಳೂ ನಕ್ಕಳು, ಆಮೇಲೆ ರಸ್ತೆ ದಾಟಿ ಹೋದರೆ ಅವನ ಮುಖ ಹಾಗೇ ಮುಚ್ಚಿಕೊಂಡಿತು, ಗದ್ದ ಆಡಿಸಿ ಬುತ್ತಿ ಇಡುವ ಜಾಗ ತೋರಿಸಿದ, ಮನೆಯಲ್ಲೂ ಅಷ್ಟೆ, ನೀರಿಗೆ ಕೈ, ಉಪ್ಪಿಗೆ ಬೆರಳು, ಸಾಕು ಅನ್ನಲು ತಟ್ಟೆಯ ಮೇಲೆ ಅಂಗೈ, ಯಾಕ್ರೀ ನನ್ನ ಹತ್ರ ಮಾತಾಡಲ್ಲ ಅಂತ ಒಂದು ದಿನ ಅತ್ತು ಕೇಳಿದಳು, ಆಡಾಕೇನೈತೆ ಅಂದ, ಸಿಟ್ಟಿನಿಂದಲೂ ಅಲ್ಲ, ನಿಜವಾಗಿಯೂ ಅವನಿಗೆ ಏನೂ ಹೊಳೆಯದವನ ಹಾಗೆ. ಅದೇ ಹೆಚ್ಚು ಉರಿಯಿತು. ಜಗಳೂರಿನ ಕಾಲೇಜಿನಲ್ಲಿ ಓದಿದ ಬಿ.ಎ. ಸರ್ಟಿಫಿಕೇಟು ಹುಡುಕಿ ತೆಗೆದು ಅರ್ಜಿ ಹಾಕಿದಳು, ಮಾತಿಲ್ಲದ ಮನೆ ಬಿಟ್ಟು ಮಾತಾಡಬಾರದ ಕೆಲಸಕ್ಕೆ ಬಂದು ಸೇರಿದಳು, ಹಣೆಬರಹ ಅಂದರೆ ಇದಪ್ಪ.

ಹತ್ತೂ ಇಪ್ಪತ್ತು, ಮೊಟ್ಟೆಗೂಡಿನ ಮುಂದೆ ಕೆಂಪು ಉಂಗುರದ್ದು ಅತ್ತಿಂದಿತ್ತ ತಿರುಗುತ್ತಿದೆ, ಗೂಡಿನಲ್ಲಿ ಇನ್ನೊಂದು ಕೂತುಬಿಟ್ಟಿದೆ, ಇದಕ್ಕೆ ಹೊತ್ತಾಗುತ್ತಿದೆ, ಎಳೆದು ಎಳೆದು ಕೂಗುತ್ತದೆ, ಆ ಕೂಗು ಹಾಳೆಯ ಯಾವ ಮನೆಗೂ ಸೇರುವುದಿಲ್ಲ, ಇತರೆ ಅಂತ ಬರೆಯಬೇಕು, ತಡೆಯವ್ವ, ಅವಳೀಗ ಎದ್ದೇಳ್ತಾಳೆ ಅಂದುಬಿಟ್ಟಳು, ಅಯ್ಯೋ, ಅಂದೇಬಿಟ್ಟಳು, ಕೂಗು ನಿಂತಿತು, ಇನ್ನೇನು ಸಾಕ್ಷಿ ಬೇಕು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ, ಕೊಟ್ರೇಶಪ್ಪ ಶೆಡ್ಡಿನೊಳಕ್ಕೆ ಕಾಲೇ ಇಡುವುದಿಲ್ಲ, ನಾವು ಮೊಟ್ಟೆ ಮುಟ್ಟಾದಿಲ್ಲವ್ವ, ಮಾರಾದು ಅಷ್ಟೆ ಅನ್ನುವ ಪೈಕಿ, ಕೆಂಚೇಶ ಮಾತಾಡುವವನಲ್ಲ, ಕೋಳಿಗಳು ಹೇಳುವವಲ್ಲ, ಮಾತು ಆಡಿದರೆ ಹೋಯಿತು ಮುತ್ತು ಒಡೆದರೆ ಹೋಯಿತು, ಒಂದು ಹೂಂ ಅಂದರೆ ಮೇಡಂಗೂ ಸಂತೋಷ, ಕೆಲಸವೂ ಇನ್ನೊಂದು ವರ್ಷ, ಆದರೆ ಹೋದ ತಿಂಗಳು ಇದೇ ಮೇಡಂ ಶೆಡ್ಡಿನ ಹೊರಗಿನ ಕಟ್ಟೆಯ ಮೇಲೆ ಕೂತು ಡಬ್ಬಿಯ ಚಿತ್ರಾನ್ನ ಅರ್ಧ ಅವಳಿಗೆ ಹಾಕಿದ್ದರು, ನೋಡ್ರಿ ಗಂಗೋತ್ರಿ, ಕೋಳಿಗೆ ಬಾಯಿಲ್ಲ, ನಾವು ಬರೆದಿದ್ದೇ ಅದರ ಬಾಯಿ, ಅದಕ್ಕೇ ನಾವು ತಪ್ಪು ಬರೆಯಬಾರದು ಅಂದಿದ್ದರು — ಜೀಪಿನ ಹಾರನ್ನು, ಹನ್ನೊಂದಕ್ಕೆ ಇನ್ನೂ ಹತ್ತು ನಿಮಿಷ ಇದೆಯಲ್ಲ, ಗೇಟಿನ ಹತ್ತಿರ ಕೊಟ್ರೇಶಪ್ಪ ಬರ್ರಿ ಬರ್ರಿ ಅನ್ನುತ್ತಿದ್ದಾನೆ, ಗಂಗೋತ್ರಿ ಕೋಟಿನ ಹೊಟ್ಟು ಕೊಡವಿಕೊಂಡು ಹೊರಗೆ ಬಂದಳು, ಮೇಡಂ ನಗುತ್ತ ಕೈ ಚಾಚಿದರು, ಹಾಳೆ ಕೊಡ್ರಿ ಅಂದರು, ಮೇಡಂ ನಾನು ಒಳಗೆ ಮಾತಾಡಿದೀನಿ, ಏನು, ಕೋಳಿ ಜೊತೆ ಮಾತಾಡಿದೀನಿ ಮೇಡಂ, ದಿನಾನೂ, ಮೊದಲನೇ ದಿನದಿಂದ, ಅದಕ್ಕೇ ಅವು ಹೆದರಲ್ಲ, ನಿಮ್ಮ ರಿಸಲ್ಟು ತಪ್ಪು. ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಮೇಡಂ ಬಯ್ಯಬಾರದೇ, ಬೈದರೆ ಎಷ್ಟೋ ವಾಸಿ, ಕೊಟ್ರೇಶಪ್ಪನೇ ಹೋ ಅಂತ ನಕ್ಕ, ಕೋಳಿ ಕೂಟೆ ಮಾತಾ, ನಮ್ಮನ್ಯಾಗೆ ಮನುಷ್ಯರ ಕೂಟೆ ಮಾತಾಡಾಕೇ ಪುರುಸೊತ್ತಿಲ್ಲ ಮಾರಾಯ್ತಿ — ಸುಮ್ಮನಿರ್ರೀ ಕೊಟ್ರೇಶಪ್ಪ ಅಂದರು ಮೇಡಂ, ಚೀಲದಿಂದ ಪುಸ್ತಕ ತೆಗೆದರು, ಪೆನ್ನಿನ ಟೋಪಿ ಬಿಚ್ಚಿದರು, ದಿನಕ್ಕೆ ಎಷ್ಟು ಹೊತ್ತು ಮಾತಾಡ್ತಿದ್ರಿ, ಗೊತ್ತಿಲ್ಲ ಮೇಡಂ, ಅಂದಾಜು ಹೇಳ್ರಿ, ಅರ್ಧ ಗಂಟೆನಾ, ಒಂದು ಗಂಟೆನಾ, ಗಂಗೋತ್ರಿ ನೆಲ ನೋಡಿದಳು, ಇರೋ ಅಷ್ಟು ಹೊತ್ತೂ ಮೇಡಂ, ಪೆನ್ನು ನಿಂತಿತು, ಏನಂತ ಮಾತಾಡ್ತಿದ್ರಿ, ಏನಾರ ಮೇಡಂ, ಮನೆ ವಿಚಾರ, ಮೇಡಂ ತಲೆಯೆತ್ತಿ ಅವಳನ್ನು ನೋಡಿದರು, ಆ ನೋಟಕ್ಕೇ ಅವಳು ಹೆದರಿದ್ದು, ಬಾಡಿಗೆ ಕೋಣೆ, ಬದನೆಕಾಯಿ, ಒಂಬತ್ತು ವರ್ಷ, ಎಲ್ಲ ಒಂದೇ ಸಲ ಕಂಡುಬಿಟ್ಟ ಹಾಗೆ, ಅಯ್ಯೋ ಪಾಪ ಅನ್ನದಿದ್ದರೆ ಸಾಕು ದೇವರೇ, ಅನ್ನಲಿಲ್ಲ, ದೊಡ್ಡವರು, ಕೊಡ್ರಿ ಆ ಕೋಟು ಅಂದರು. ನೀಲಿ ಕೋಟು ಹಾಕಿಕೊಂಡು ಮೇಡಂ ತಾವೇ ಒಳಗೆ ಹೋದರು, ಒಂದು ಹೆಜ್ಜೆ, ನಿಂತು, ಇನ್ನೊಂದು ಹೆಜ್ಜೆ, ಪರೀಕ್ಷೆಯ ಕ್ರಮದಲ್ಲೇ, ಜಾಲರಿಯ ಹೊರಗಿನಿಂದ ಗಂಗೋತ್ರಿ ನೋಡುತ್ತಿದ್ದಳು, ಮೊದಲು ಹತ್ತಿರ ಬಂದವು, ಕೋಟು ಅದೇ ಅಲ್ಲವೇ, ಆಮೇಲೆ ಮೇಡಂ ಮೌನವಾಗಿ ಕೈ ಚಾಚಿದರು ನೋಡಿ, ಗರ್‍ ಅಂತ ಮುನ್ನೂರೂ ಮೂಲೆಗೆ, ಒಂದರ ಮೇಲೊಂದು ಬಿದ್ದು, ಧೂಳು ಮಾಡಿಗೆ ಹತ್ತಿತು. ಮೇಡಂ ಕೆಮ್ಮುತ್ತ ಹೊರಗೆ ಬಂದರು, ಮುಖದಲ್ಲಿ ಸಿಟ್ಟಿಲ್ಲ, ಬೇರೇನೋ ಇತ್ತು, ಕೇಳ್ರಿ ಗಂಗೋತ್ರಿ, ಮೊದಲ್ನೇ ರಿಸಲ್ಟು ಹಾಳಾತು, ಹೋಗ್ಲಿ, ಆದ್ರೆ ದನಿಗೇ ಭಯ ಹೋಗ್ತೈತೆ ಅಂದ್ರೆ ಅದೂ ಒಂದು ಸಂಶೋಧನೆನೇ, ಮೇಲಿನವರಿಗೆ ತೋರಿಸಾಕೆ ನನಗೊಂದು ರೆಕಾರ್ಡಿಂಗ್ ಬೇಕು, ಈಗ ನೀವು ಒಳಗೆ ಹೋಗ್ರಿ, ದಿನಾ ಹೆಂಗೆ ಮಾತಾಡ್ತೀರೋ ಹಂಗೇ ಮಾತಾಡ್ರಿ, ಅದು ಸಿಕ್ರೆ ನಿಮ್ಮ ಕೆಲಸ ನಾನು ಉಳಿಸ್ತೀನಿ, ನಾವಿಲ್ಲ ಅಂತ ತಿಳ್ಕಳ್ರಿ.

ಇಲ್ಲ ಅಂತ ತಿಳಿದುಕೊಳ್ಳುವುದು, ಅದೇನು ಮಹಾ, ಇಲ್ಲದವರ ನಡುವೆ ಇದ್ದು ಅಭ್ಯಾಸವೇ, ಕೋಟು ಹಾಕಿಕೊಂಡಳು, ಮೇಡಂ ಮೈಯ ಬಿಸಿ ಇನ್ನೂ ಅದರಲ್ಲಿತ್ತು, ಬಾಗಿಲು ಸರಿಸಿ ಒಳಗೆ ಕಾಲಿಟ್ಟಳು, ಬಂದೆ ಕಣ್ರವ್ವಾ ಅನ್ನಬೇಕು, ಅಷ್ಟಂದರೆ ಮುಂದಿನದು ತಾನಾಗಿ ಬರುತ್ತದೆ, ದಿನಾ ಬಂದಿದೆ, ಜಾಲರಿಯಾಚೆ ಮೇಡಂ ಫೋನು ಎತ್ತಿ ಹಿಡಿದಿದ್ದಾರೆ, ಕೊಟ್ರೇಶಪ್ಪ ಎರಡೂ ಕೈ ಸೊಂಟದ ಮೇಲಿಟ್ಟು ನಿಂತಿದ್ದಾನೆ, ಜೀಪಿನ ಡ್ರೈವರೂ ಇಳಿದು ಬಂದ, ಮೂಲೆಯಿಂದ ಒಂದು ಕತ್ತು ಎದ್ದಿತು, ಎರಡು, ಹತ್ತು, ಹೊಟ್ಟಿನ ಮೇಲೆ ಸರಸರ ಹೆಜ್ಜೆ, ಬರುತ್ತಿವೆ, ಸುತ್ತುಗಟ್ಟಿ ನಿಂತವು, ಕತ್ತು ಓರೆ ಮಾಡಿ, ಒಂದೊಂದೂ ಒಂದೇ ಕಣ್ಣಿನಿಂದ ಅವಳನ್ನು ನೋಡುತ್ತ, ಏನು ಹೇಳಲಿ, ಉಂಡ್ರೇನ್ರವ್ವಾ ಅನ್ನಲೇ, ತುಟಿ ಬಿಚ್ಚಿತು, ದನಿ ಬರಲಿಲ್ಲ, ಕೊಟ್ರೇಶಪ್ಪನ ನಗುವಿನ ಬಗ್ಗೆ ಇವಕ್ಕೆ ಹೇಳಬೇಕಿತ್ತು, ಅವನು ಅಲ್ಲೇ ಇದ್ದಾನೆ, ಮೇಡಂ ನೋಡಿದ ನೋಟದ ಬಗ್ಗೆ ಹೇಳಬೇಕಿತ್ತು, ಅವರೂ ಅಲ್ಲೇ ಇದ್ದಾರೆ, ಗುರುಸ್ವಾಮಿಯ ಹೆಸರು ಎತ್ತಿದರೆ ಆ ಡ್ರೈವರು ಕೇಳಿಸಿಕೊಳ್ಳುತ್ತಾನೆ, ಬದನೆಕಾಯಿ, ಬರೀ ಬದನೆಕಾಯಿ ವಿಷಯವಾದರೂ, ಮಾತಾಡವ್ವಾ, ನಾವೇನು ಕಚ್ಚಾದಿಲ್ಲ ಅಂದ ಕೊಟ್ರೇಶಪ್ಪ, ಶ್ ಸುಮ್ಕಿರ್ರೀ, ಗಂಗೋತ್ರಿ, ಶುರು ಮಾಡ್ರಿ, ಕತ್ತು ಓರೆ, ಒಂದೇ ಕಣ್ಣು, ರೆಪ್ಪೆ ಬಡಿಯದೆ, ಕೆಲಸ ಉಳಿಯಬೇಕಾದರೆ ಒಂದು ಮಾತು, ಯಾವುದಾದರೂ ಒಂದು, ನಾಲ್ಕು ತಿಂಗಳಲ್ಲಿ ಎಷ್ಟು ಲಕ್ಷ ಮಾತು ಸುರಿದಿದ್ದಾಳೆ ಇಲ್ಲಿ, ಒಂದು ಹನಿ ಉಳಿಯಬಾರದೇ, ಇವು ಕೆದರುವುದನ್ನು ನಿಲ್ಲಿಸಿವೆ, ಗೂಡಿನಲ್ಲಿದ್ದದ್ದೂ ಇಳಿದು ಬಂದಿದೆ, ಹತ್ತು ನಿಮಿಷಕ್ಕೊಮ್ಮೆ ಎಣಿಸುವ ಹಾಳೆಯಲ್ಲಿ ಇದಕ್ಕೊಂದು ಮನೆಯಿಲ್ಲ, ಕೆದರುತ್ತಿಲ್ಲ, ಹೊರಳುತ್ತಿಲ್ಲ, ಕುಕ್ಕುತ್ತಿಲ್ಲ, ಕತ್ತು ಓರೆ ಮಾಡಿ ನಿಂತಿವೆ, ಆಚೆಯಿಂದ ಮತ್ತೆ ಗಂಗೋತ್ರಿ ಅನ್ನುತ್ತಾರೆ ಮೇಡಂ, ಹತ್ತಿರದ್ದು ಇನ್ನೊಂದು ಹೆಜ್ಜೆ ಮುಂದೆ ಬಂದು ಕಾಲ ಬಳಿ ನಿಂತಿತು, ಕತ್ತು ಓರೆ ಮಾಡಿತು, ಮುನ್ನೂರೂ ಅವಳ ಬಾಯನ್ನೇ ನೋಡುತ್ತ, ಒಂದೂ ಸದ್ದು ಮಾಡದೆ, ಕತ್ತು ಓರೆ ಮಾಡಿಕೊಂಡು ನಿಂತಿವೆ